ಎನ್‌ಕ್ವೈರಿ ಅಮ್ಮನ ಮರೆವು

ನಮ್ಮ ಅತ್ತೆಯನ್ನು ಹೆಸರು ಹಿಡಿದು ಕರೆಯುವವರು ಬೀದಿಯಲ್ಲಿ ಯಾರೂ ಇಲ್ಲ. ಎಲ್ಲರ ಬಾಯಲ್ಲೂ ಅವರು ಎನ್‌ಕ್ವೈರಿ ಅಮ್ಮ. ಬಸ್ ನಿಲ್ದಾಣದ ಕಿಂಡಿಯ ಹಿಂದೆ ಕೂತು ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹೇಳುವವರಿರುತ್ತಾರಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಬಸ್ಸಿನ ಬದಲು ಇಲ್ಲಿ ಸ್ಪ್ರಿಂಗು, ಬುಷ್ಷು, ವಾಷರು. ಬೀದಿಯಲ್ಲಿ ಇಪ್ಪತ್ತಮೂರು ಸಣ್ಣ ವರ್ಕ್‌ಶಾಪುಗಳಿವೆ. ಒಬ್ಬರು ತಂತಿ ಸುತ್ತುತ್ತಾರೆ, ಒಬ್ಬರು ಹಿತ್ತಾಳೆ ಕಡೆಯುತ್ತಾರೆ, ಇನ್ನೊಬ್ಬರು ರಬ್ಬರನ್ನು ಬಿಸಿ ಅಚ್ಚಿನಲ್ಲಿ ಒತ್ತಿ ತೆಗೆಯುತ್ತಾರೆ. ಯಾವ ಸಾಮಾನು ಯಾರ ಕೈಯಲ್ಲಿ ಚೆನ್ನಾಗಿ ಬರುತ್ತದೆ ಎಂಬುದು ಆ ಯಜಮಾನರುಗಳಿಗಿಂತ ಅತ್ತೆಗೇ ಚೆನ್ನಾಗಿ ಗೊತ್ತು.

ಅವರು ಮದುವೆಯಾಗಿ ಬಂದಾಗ ಇಡೀ ಬೀದಿಗೆ ಒಂದೇ ಫೋನಿತ್ತಂತೆ, ಅದೂ ನಮ್ಮ ಮಾವನ ಕೋಣೆಯಲ್ಲಿ. ಮಾವ ಸಾಮಾನು ತಲುಪಿಸಲು ಸೈಕಲ್ಲು ಹತ್ತಿದರೆ ಫೋನೆತ್ತುವ ಕೆಲಸ ಹೊಸ ಸೊಸೆಯದು. ಕರೆ ಮಾಡಿದವರು ಏನು ಬೇಕೆಂದು ಹೇಳುತ್ತಿದ್ದರು, ಅತ್ತೆ ಹೋಗಿ ಬಾಗಿಲು ಬಾಗಿಲಲ್ಲಿ ವಿಚಾರಿಸುತ್ತಿದ್ದರು. ಎರಡು ವರ್ಷ ಹಾಗೆ ತಿರುಗಿದ ಮೇಲೆ ತಿರುಗುವ ಅಗತ್ಯವೇ ಬೀಳಲಿಲ್ಲ, ಎಲ್ಲವೂ ತಲೆಯಲ್ಲಿ ಕೂತಿತ್ತು. ಆಮೇಲೆ ಮನೆಮನೆಗೂ ಫೋನು ಬಂತು, ಮಾವ ತೀರಿಕೊಂಡರು, ಆದರೂ ಜನ ಕೇಳುವುದು ಅತ್ತೆಯನ್ನೇ ಆಯಿತು.

ಕೋಣೆ ಎಷ್ಟು ಚಿಕ್ಕದೆಂದರೆ ಎದುರುಬದುರು ಕೂತರೆ ಮೊಣಕಾಲು ತಾಗುತ್ತದೆ. ಎರಡು ಗೋಡೆಗಳ ತುಂಬ ಮೊಳೆ, ಮೊಳೆಯ ತುಂಬ ತಂತಿಯಲ್ಲಿ ಪೋಣಿಸಿದ ಮಾದರಿಗಳು. ಒಂದೊಂದಕ್ಕೂ ಕಾಗದದ ಚೀಟಿ: ಯಾರು ಮಾಡಿದ್ದು, ಯಾವ ಯಂತ್ರಕ್ಕೆ, ಎಷ್ಟು ದಿನ ಬಾಳಿತು. ಮುರಿದ ಸಾಮಾನು ಹಿಡಿದು ಯಾರಾದರೂ ಬಂದರೆ ಅತ್ತೆ ಅದನ್ನು ಉಗುರಿನಿಂದ ಕೆರೆದು, ಮೂಸಿ ನೋಡಿ, ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಲ್ಲಿ ಕೂರುತ್ತೆ ಇದು?"

ಒಂದು ಸಲ ಒಬ್ಬರು ತಿಂಗಳಿಗೊಂದು ಸ್ಪ್ರಿಂಗು ಮುರಿಯುತ್ತದೆ, ಗಟ್ಟಿಯದು ಬೇಕು ಎಂದು ಬಂದರು. ಅತ್ತೆ ಎಲ್ಲಿ ಕೂರುತ್ತೆ, ಹೇಗೆ ಕೂರುತ್ತೆ ಎಂದು ಕೆದಕಿ ಕೆದಕಿ ಕೇಳಿ, ಯಂತ್ರದ ಮುಚ್ಚಳದ ಕೀಲು ಸೊಟ್ಟಗಾಗಿದೆ ಎಂದು ಕಂಡುಹಿಡಿದು, ಅವರನ್ನು ವೆಲ್ಡಿಂಗಿನವನ ಹತ್ತಿರ ಕಳಿಸಿದರು. ಸ್ಪ್ರಿಂಗಿನ ಯಜಮಾನ ಬಂದು "ಕೈಗೆ ಬಂದ ಗಿರಾಕೀನ ಓಡಿಸಿಬಿಟ್ರಲ್ಲಮ್ಮ" ಎಂದು ಗೊಣಗಿದ. ಆ ಗಿರಾಕಿ ಆಮೇಲೆ ಇಪ್ಪತ್ತು ವರ್ಷ ನಮ್ಮ ಬೀದಿ ಬಿಟ್ಟು ಬೇರೆ ಕಡೆ ಹೋಗಲಿಲ್ಲ.

ಇದರಿಂದ ಬೀದಿಯಲ್ಲಿ ಒಂದು ರೂಢಿ ಬೆಳೆಯಿತು. ಅಮ್ಮ ಕೇಳಿದ ಮೇಲೆ ಇನ್ನೊಬ್ಬರು ಕೇಳುವಂತಿಲ್ಲ. ಅಮ್ಮನ ಕೋಣೆಯಿಂದ ಚೀಟಿ ಬಂದರೆ ಅದರಲ್ಲಿ ಏನಿದೆಯೋ ಅದನ್ನು ಮಾಡಿ ಕಳಿಸುವುದು. ಮತ್ತೆ ವಿಚಾರಿಸಲು ಹೋದರೆ ಅಮ್ಮನ ಮೇಲೆ ಅನುಮಾನ ಪಟ್ಟಂತೆ.

ಇನ್ನು ನನ್ನ ವಿಷಯ. ನಾನು ಸ್ವಲ್ಪ ಮುಂಗೋಪಿ, ಕೆಲಸ ಬೇಗ ಮುಗಿಯದಿದ್ದರೆ ಮೈ ಪರಚಿಕೊಳ್ಳುವ ಜಾತಿ. ಮದುವೆಗೆ ಮುಂಚೆ ಒಂದು ಆಫೀಸಿನಲ್ಲಿ ಟೈಪು ಮಾಡುತ್ತಿದ್ದೆ, ಹಾಗಾಗಿ ಕಂಪ್ಯೂಟರು ಗೊತ್ತು. ಅತ್ತೆ ಹೇಳಿದಂತೆ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಷ್ಟರಲ್ಲಿ ಒಂದು ವೆಬ್‌ಸೈಟು ಶುರುವಾಯಿತು. ಕೊಳ್ಳುವ ಕಂಪನಿಯವರು ಬೇಕಾದ ಸಾಮಾನಿನ ಅಳತೆ ಬರೆದು ಹಾಕಿದರೆ ಸಾಕು, ನಿಮಿಷದೊಳಗೆ ಐದು ಜನ ಮಾರಾಟಗಾರರಿಗೆ ತಲುಪುತ್ತದೆ. ಮೊದಲು ಉತ್ತರ ಕೊಟ್ಟವರಿಗೆ ಆರ್ಡರು. ಆರು ತಿಂಗಳಲ್ಲಿ ನಮ್ಮ ಕೋಣೆಗೆ ಬರುವವರು ದಿನಕ್ಕೆ ಹತ್ತರಿಂದ ಇಬ್ಬರಿಗೆ ಇಳಿದರು. ನಾವೂ ಸೇರೋಣ ಎಂದು ನಾನೇ ಹಟ ಹಿಡಿದೆ.

ಮಾದರಿಗಳನ್ನು ಬಿಳಿ ಬೆಡ್‌ಶೀಟಿನ ಮೇಲೆ ಹರಡಿ ಫೋಟೋ ತೆಗೆಯುವ ದಿನ ಅತ್ತೆ ತಲೆ ಬಾಚಿ, ಒಳ್ಳೆ ಸೀರೆಯುಟ್ಟು ಬಂದು ಕೂತರು.

"ಫೋಟೋ ನಿಮಗಲ್ಲ ಅತ್ತೆ, ವಾಷರಿಗೆ" ಎಂದೆ.

"ಯಾಕೆ, ವಾಷರಿಗಿಂತ ಕಡೆಯಾದ್ನಾ ನಾನು?" ಎಂದರು.

ವಿಚಾರಣೆಗಳು ಬರತೊಡಗಿದವು. ನಾನು ಪರದೆ ನೋಡಿ ಗಟ್ಟಿಯಾಗಿ ಓದುವುದು, ಅತ್ತೆ "ಎಲ್ಲಿ ಕೂರುತ್ತೆ ಅಂತ ಕೇಳು" ಎನ್ನುವುದು, ನಾನು ಟೈಪು ಮಾಡುವುದು. ಹೆಚ್ಚಿನವರು ಉತ್ತರವನ್ನೇ ಕೊಡುತ್ತಿರಲಿಲ್ಲ. ಒಬ್ಬರು ಮಾತ್ರ "ನಿಮಗ್ಯಾಕೆ?" ಎಂದು ಬರೆದರು. ನಾವು ಪ್ರಶ್ನೆ ಕೇಳಿ ಕಾಯುವಷ್ಟರಲ್ಲಿ ಮಿಕ್ಕ ನಾಲ್ವರಲ್ಲಿ ಯಾರೋ ಬೆಲೆ ಹೇಳಿ ಆರ್ಡರು ಹೊಡೆದಿರುತ್ತಿದ್ದರು. ನಮ್ಮ ಹೆಸರಿನ ಮುಂದಿನ ನಕ್ಷತ್ರ ನಾಲ್ಕರಿಂದ ಎರಡಕ್ಕೆ ಇಳಿಯಿತು. ವೆಬ್‌ಸೈಟಿನ ಹುಡುಗಿ ಫೋನು ಮಾಡಿದಳು.

"ಮೇಡಂ, ನೀವು ಉತ್ತರ ಕೊಡೋ ಬದಲು ಪ್ರಶ್ನೆ ಕೇಳ್ತಿದ್ದೀರಿ. ಹೀಗೇ ಆದ್ರೆ ತಿಂಗಳ ಕೊನೆಗೆ ನಿಮ್ಮ ಖಾತೆ ಮುಚ್ಚಿಹೋಗುತ್ತೆ."

ಅತ್ತೆ ನನ್ನ ಕೈಯಿಂದ ಫೋನು ಕಿತ್ತುಕೊಂಡರು. "ಪ್ರಶ್ನೆ ಕೇಳದೆ ಉತ್ತರ ಹೇಗಮ್ಮ ಕೊಡೋದು? ನಾವೇನು ಭವಿಷ್ಯ ಹೇಳ್ತೀವಾ?"

ಹುಡುಗಿ ಪಾಪ ನಕ್ಕಳು. ನನಗೆ ನಗು ಬರಲಿಲ್ಲ. ಎಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಈ ಮುದುಕಿ ಒಂದು ಪ್ರಶ್ನೆಯಿಂದ ಕೆಡವುತ್ತಿದ್ದಾರೆ ಎಂದು ರೇಗಿತ್ತು. ಮಾರನೆಯ ದಿನದಿಂದ ಅತ್ತೆ ಸ್ನಾನಕ್ಕೆ ಹೋದಾಗ, ಊಟವಾಗಿ ಅರ್ಧ ಗಂಟೆ ಅಡ್ಡಾದಾಗ, ಬಂದ ವಿಚಾರಣೆಗಳಿಗೆ ನಾನೇ ಬೆಲೆ ಬರೆದು ಕಳಿಸತೊಡಗಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು ಅನ್ನುತ್ತಾರಲ್ಲ, ಅದೇ. ನಾಲ್ಕೈದು ಸಣ್ಣಪುಟ್ಟ ಆರ್ಡರುಗಳು ಸಲೀಸಾಗಿ ದಾಟಿದವು. ನಕ್ಷತ್ರ ಮೇಲೆ ಹತ್ತಿತು. ಅತ್ತೆ ಅದನ್ನು ಕಂಡು "ನೋಡು, ಜನಕ್ಕೆ ಈಗ ಬುದ್ಧಿ ಬಂತು" ಎಂದು ಖುಷಿಪಟ್ಟರು. ನಾನು ಹೂಂ ಎಂದೆ.

ಆಮೇಲೆ ಬಂದದ್ದು ರಬ್ಬರ್ ರಿಂಗಿನ ಆರ್ಡರು. ಎರಡು ಸಾವಿರ. ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ, ಎಲ್ಲ ಕರಾರುವಾಕ್ಕಾಗಿ ಬರೆದಿದ್ದರು. 'ಇತರ ವಿವರ' ಎಂಬ ಕಡೆ ಖಾಲಿ ಬಿಟ್ಟಿದ್ದರು. ನಾನು ಬೆಲೆ ಕಳಿಸಿದೆ, ಒಪ್ಪಿಗೆ ಬಂತು, ಚೀಟಿ ಬರೆದು ರಬ್ಬರಿನ ಯಜಮಾನನಿಗೆ ಕೊಟ್ಟುಬಂದೆ. ಬೀದಿಯ ತುದಿಯಲ್ಲಿ ಒಬ್ಬರೇ ಕೆಲಸ ಮಾಡುವ ಅವರನ್ನು ಎಲ್ಲರೂ ರಬ್ಬರಣ್ಣ ಎನ್ನುತ್ತಾರೆ. ಚೀಟಿ ಓದಿ ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಹತ್ತು ದಿನದಲ್ಲಿ ಮಾಡಿ ಅವರೇ ಪಾರ್ಸೆಲ್ಲಿಗೆ ಹಾಕಿದರು.

ಮೂರು ವಾರವಾದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. ಎತ್ತಿದವರು ಅತ್ತೆ. ಆ ಕಡೆ ಜಾಕು ತಯಾರಿಸುವ ಕಾರ್ಖಾನೆಯ ಸ್ಟೋರಿನವರು. ಗ್ಯಾರೇಜಿನಲ್ಲಿ ಗಾಡಿ ಎತ್ತುತ್ತಾರಲ್ಲ, ಆ ಎಣ್ಣೆ ಜಾಕು. ನಾವು ಕಳಿಸಿದ್ದು ಸಾಧಾರಣ ರಬ್ಬರು, ಎಣ್ಣೆಯಲ್ಲಿ ಕೂತು ಊದಿಕೊಂಡಿದೆ, ಜಾಕುಗಳೆಲ್ಲ ಸೋರುತ್ತಿವೆ, ಮಾಲು ಪೂರ್ತಿ ವಾಪಸ್ಸು. ಎಣ್ಣೆ ತಡೆಯುವ ರಬ್ಬರೇ ಬೇರೆ ಎಂಬುದು ನಮ್ಮ ಬೀದಿಯ ಮಕ್ಕಳಿಗೂ ಗೊತ್ತು.

ಅತ್ತೆ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು. "ಜಾಕಿನವರಿಗೆ ರಿಂಗು ನಾವು ಯಾವಾಗ ಕೊಟ್ವೇ?"

ಆಗಲೇ ಹೇಳಿಬಿಡಬಹುದಿತ್ತು. ಬೈಯುತ್ತಿದ್ದರು, ಬೈಸಿಕೊಂಡರೆ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ನೀವೇ ಹೇಳಿದ್ರಲ್ಲ ಅತ್ತೆ, ಹೋದ ತಿಂಗಳು. ರಬ್ಬರಣ್ಣನಿಗೆ ಚೀಟಿ ಕೊಡು ಅಂದ್ರಿ."

"ನಾನಾ?"

"ಹೂಂ."

"ಎಲ್ಲಿ ಕೂರುತ್ತೆ ಅಂತ ಕೇಳಲಿಲ್ವಾ ನಾನು?"

"ಇಲ್ಲ" ಎಂದೆ.

ಅವರು ಫೋನಿಗೆ ಅಡ್ಡ ಹಿಡಿದಿದ್ದ ಕೈ ತೆಗೆದರು. ಆಮೇಲೆ ಫೋನಿನಲ್ಲಿ "ತಪ್ಪು ನನ್ನದೇ ಸ್ವಾಮಿ, ಕೇಳಬೇಕಾಗಿತ್ತು, ಮರೆತೆ" ಎಂದರು. ವೆಬ್‌ಸೈಟಿನಲ್ಲಿ ತಪ್ಪು ಯಾರದು ಎಂದು ಗುರುತು ಹಾಕುವ ಜಾಗ ಬಂದಾಗ, ವಿವರ ಕೊಡದಿದ್ದದ್ದು ಜಾಕಿನವರು, ತಪ್ಪು ಅವರದೇ ಎಂದು ಒತ್ತೋಣ ಎಂದೆ. ಅತ್ತೆ "ಕೇಳೋದು ನಮ್ಮ ಕೆಲಸ" ಎಂದು ನಮ್ಮದೆಂದೇ ಒತ್ತಿಸಿದರು. ನಕ್ಷತ್ರ ಒಂದಕ್ಕೆ ಬಂತು.

ನಾನು ಮಾಡಿದ್ದೇನು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅತ್ತೆಯ ತಾಯಿಗೆ ಕೊನೆಯ ಆರು ವರ್ಷ ಮರೆವಿನ ಕಾಯಿಲೆ. ದಿನವೂ ಅನ್ನ ಕಲಸಿ ತಿನ್ನಿಸುತ್ತಿದ್ದ ಮಗಳನ್ನೇ ನೋಡಿ "ನೀನು ಯಾರ ಮನೆ ಹುಡುಗಿಯಮ್ಮ?" ಎಂದು ಕೇಳುತ್ತಿದ್ದರಂತೆ. ಹೆದರಿ ತಟ್ಟೆ ತಳ್ಳುತ್ತಿದ್ದರಂತೆ. ಮದುವೆಯಾದ ಹೊಸದರಲ್ಲೇ ನನ್ನ ಗಂಡ ಇದನ್ನು ಹೇಳಿ, ಅಮ್ಮನ ಮುಂದೆ ಮರೆವಿನ ವಿಷಯ ತಮಾಷೆಗೂ ಎತ್ತಬೇಡ ಎಂದಿದ್ದರು.

ಅತ್ತೆ ಅವತ್ತಿನಿಂದ ಬದಲಾದರು. ಯಾರಾದರೂ ಬಂದು ಕೇಳಿದರೆ ತಕ್ಷಣ ಹೇಳುತ್ತಿರಲಿಲ್ಲ, ಗೋಡೆಯ ಚೀಟಿ ಓದಿ, ನನ್ನನ್ನು ಕರೆದು, "ಸರಿ ತಾನೆ?" ಎನ್ನುತ್ತಿದ್ದರು. ಗ್ಯಾಸು ಆರಿಸಿದ್ದೇನಾ ಎಂದು ಎರಡೆರಡು ಸಲ ಎದ್ದು ನೋಡುತ್ತಿದ್ದರು. ಐದನೆಯ ದಿನ ಗೋಡೆಯಿಂದ ಮಾದರಿಗಳನ್ನು ಒಂದೊಂದೇ ಇಳಿಸತೊಡಗಿದರು.

"ಏನತ್ತೆ ಇದು?"

"ಯಾರ್ಯಾರು ಮಾಡಿದ್ದೋ ಅವರವರಿಗೆ ಕೊಟ್ಟುಬಿಡೋಣ. ನನ್ನ ಮಾತು ನಂಬಿ ಇನ್ನೊಬ್ಬರು ಕೆಡಬಾರದು ಕಣೆ."

ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ತಳ್ಳಿದೆ. ಹೇಳಲು ಭಯವಿತ್ತು, ಅದು ನಿಜ. ಅದರ ಜೊತೆಗೇ ಮನಸ್ಸಿನ ಒಂದು ಮೂಲೆಯಲ್ಲಿ, ಇನ್ನು ಎಲ್ಲವೂ ನನ್ನ ಕೈಗೇ ಬರುತ್ತದೆ ಎಂಬ ಸಮಾಧಾನವೂ ಇತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟು ಕೆಟ್ಟವಳು ನಾನು.

ಮಿಕ್ಕವರದ್ದೆಲ್ಲ ಕೊಟ್ಟಾದ ಮೇಲೆ, ಹನ್ನೊಂದನೆಯ ದಿನ ರಬ್ಬರಿನ ಮಾದರಿಗಳನ್ನು ಚೀಲಕ್ಕೆ ತುಂಬಿ ನನ್ನ ಕೈಲಿ ರಬ್ಬರಣ್ಣನಿಗೆ ಕಳಿಸಿದರು. ಅವರ ವರ್ಕ್‌ಶಾಪಿನ ಬಾಗಿಲಲ್ಲೇ ವಾಪಸ್ಸು ಬಂದ ರಿಂಗುಗಳ ಮೂಟೆಯಿತ್ತು. ನಾನು ಅದರ ಕಡೆ ನೋಡಲಿಲ್ಲ. ಚೀಲ ಬಿಚ್ಚಿ ನೋಡಿ ಅವರು ತಲೆ ಅಲ್ಲಾಡಿಸಿದರು.

"ಚೀಟಿ ನೋಡಿದಾಗ್ಲೇ ನನಗೆ ಅನುಮಾನ ಬಂತು ತಂಗಿ. ಅಳತೆ ಇದೆ, ಯಾವುದಕ್ಕೆ ಅಂತಿಲ್ಲ. ಅಮ್ಮನ ಚೀಟೀಲಿ ಯಾವತ್ತೂ ಹಾಗಿರಲ್ಲ. ಕೇಳೋಣ ಅಂತ ನಿಮ್ಮ ಬಾಗಿಲವರೆಗೂ ಬಂದಿದ್ದೆ."

"ಮತ್ತೆ ಯಾಕೆ ಕೇಳಲಿಲ್ಲ?"

"ವಯಸ್ಸಾಯ್ತು, ಮರೆತಿರ್ತಾರೆ ಅನ್ನಿಸ್ತು. ಒಳಗೆ ಹೋಗಿ ಕೇಳಿದ್ರೆ ನಿಮಗೆ ಮರೆವು ಬಂದಿದೆ ಅಂತ ಮುಖಕ್ಕೇ ಹೇಳಿದ ಹಾಗಲ್ವಾ? ಅವರಿಗೆ ಹಾಗೆ ಮಾಡೋಕೆ ಮನಸ್ಸು ಬರಲಿಲ್ಲ. ಹೋದ್ರೆ ನನ್ನ ರಬ್ಬರು ಹೋಗ್ಲಿ ಅಂತ ವಾಪಸ್ ಬಂದೆ."

ನಾನು ಮೂಟೆಯ ಪಕ್ಕ ಕೂತೆ. "ಚೀಟಿ ನಂದು ಅಣ್ಣ. ಅತ್ತೆಗೆ ಆ ಆರ್ಡರೇ ಗೊತ್ತಿರಲಿಲ್ಲ" ಎಂದೆ. ರಬ್ಬರಣ್ಣ ಬೈಯಲಿಲ್ಲ. ಕೈಗೆ ಮೆತ್ತಿದ ಕಪ್ಪನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ, "ಇದನ್ನ ನನಗೆ ಹೇಳಿ ಏನು ಪ್ರಯೋಜನ? ಹೋಗು, ಮೊದಲು ಅವರಿಗೆ ಹೇಳು" ಎಂದು ಮಾದರಿಯ ಚೀಲವನ್ನು ನನ್ನ ಕೈಗೇ ವಾಪಸ್ಸು ಕೊಟ್ಟರು.

ಅತ್ತೆ ಸ್ಟೂಲಿನ ಮೇಲೆ ನಿಂತು ಖಾಲಿ ಗೋಡೆಯ ಮೊಳೆ ಕೀಳುತ್ತಿದ್ದರು. ನಾನು ಬಾಗಿಲಲ್ಲೇ ನಿಂತು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

"ಇನ್ನೊಂದ್ಸಲ ಹೇಳು" ಎಂದು ಅವರು ಕೆಳಗಿಳಿದರು.

ಇನ್ನೊಂದು ಸಲ ಹೇಳಿದೆ.

"ಅಂದ್ರೆ ಆ ಆರ್ಡರು ನನ್ನ ಕಿವಿಗೆ ಬಿದ್ದೇ ಇಲ್ಲ?"

"ಇಲ್ಲ."

"ನಾನು ಮರೆತಿಲ್ಲ?"

"ಇಲ್ಲ ಅತ್ತೆ. ನೀವೇನೂ ಮರೆತಿಲ್ಲ."

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಎರಡೂ ಕೈಗಳಿಂದ ನನ್ನ ತೋಳು ಹಿಡಿದುಕೊಂಡು ಜೋರಾಗಿ ಅತ್ತರು. ಅಳುತ್ತಲೇ ನಕ್ಕರು. ಮುಖ ಒರೆಸಿಕೊಂಡ ಮೇಲೆ ಹಳೆಯ ದನಿ ವಾಪಸ್ಸು ಬಂತು.

"ಮೂರು ದಿನ ನನ್ನ ಹತ್ರ ಮಾತಾಡಬೇಡ. ಇಪ್ಪತ್ಮೂರು ಬಾಗಿಲಿಗೂ ಹೋಗಿ ತಪ್ಪು ನಂದು ಅಂತ ಹೇಳಿಬಾ. ಕೊಟ್ಟಿದ್ದೆಲ್ಲ ವಾಪಸ್ ಇಸ್ಕೊಂಡು ಬಾ. ಜಾಕಿನವರಿಗೆ ನಾನೇ ಫೋನ್ ಮಾಡ್ತೀನಿ, ಎಣ್ಣೆ ತಡೆಯೋ ರಬ್ಬರಲ್ಲಿ ಮಾಡ್ಸಿ ಕೊಡೋಣ." ಫೋನಿನ ಕಡೆ ಕೈ ಚಾಚಿದವರು ಏನೋ ನೆನಪಾಗಿ ತಿರುಗಿದರು. "ನನ್ನ ದಿಂಬಿನ ಕೆಳಗೊಂದು ನೋಟ್‌ಬುಕ್ಕಿದೆ. ಅದನ್ನ ಹರಿದು ಒಲೆಗೆ ಹಾಕು. ಇನ್ನು ಬೇಡ."

ದಿಂಬಿನ ಕೆಳಗಿದ್ದದ್ದು ಮಕ್ಕಳ ಗೆರೆಪುಸ್ತಕ. ಹರಿಯುವ ಮುಂಚೆ ತೆರೆದೆ. ದಿನಕ್ಕೊಂದು ಪುಟ, ಹನ್ನೊಂದು ಪುಟ. ಪ್ರತಿ ಪುಟದಲ್ಲೂ ಇಪ್ಪತ್ತಮೂರು ವರ್ಕ್‌ಶಾಪಿನವರ ಹೆಸರು, ಯಾರು ಏನು ಮಾಡುತ್ತಾರೆ ಎಂಬ ವಿವರ. ನೋಡದೆ ಬರೆದು ಆಮೇಲೆ ಸರಿಯಿದೆಯೇ ಎಂದು ಟಿಕ್ಕು ಹಾಕಿಕೊಂಡಿದ್ದರು. ಒಂದೂ ತಪ್ಪಿರಲಿಲ್ಲ. ಎಲ್ಲ ಪುಟದ ಮೇಲ್ತುದಿಯಲ್ಲಿ, ಬೇರೆಲ್ಲದಕ್ಕಿಂತ ದಪ್ಪ ಅಕ್ಷರದಲ್ಲಿ, ಒಂದೇ ಮಾತಿತ್ತು:

"ಬೆಳಿಗ್ಗೆ ಚಹಾ ತಂದುಕೊಡುವವಳು ನಿನ್ನ ಸೊಸೆ. ಹೆದರಬೇಡ. ನಿನಗೆ ನೆನಪಾಗದಿದ್ದರೆ ಅವಳು ಹೇಳಿದ್ದನ್ನು ನಂಬು."

ಹನ್ನೊಂದು ಸಲ ಬರೆದಿದ್ದರು.