ಫ್ಯಾನ್ ಆಫ್ ಮಾಡಿದೆ ಹಾಲೇಶ...

ಇಲ್ಲ... ನನಗಿನ್ನೂ ನಂಬಲಾಗುತ್ತಿಲ್ಲ.

ಬೆಳಗ್ಗೆ ಹಾಲೇಶನ ನಂಬರಿನಿಂದ ಕಾಲ್ ಬಂತು.
ಎಂಟು ತಿಂಗಳ ಮುನಿಸಿನ ಮೇಲೆ!
ಕೊನೆಗೂ ಅವನೇ ಸೋತ ಎಂದು ಒಳಗೊಳಗೇ ಹಿಗ್ಗಿದೆ.
ಬೇಕಂತಲೇ ನಾಲ್ಕು ರಿಂಗ್ ಬಿಟ್ಟು ಎತ್ತಿದೆ.
ಮಾತಾಡಿದ್ದು ಅವನ ತಮ್ಮ.
"ಅಕ್ಕಾ, ಅಣ್ಣ ಹೋಗ್ಬಿಟ್ಟ... ಹಾರ್ಟ್ ಅಟ್ಯಾಕ್ ಅಂತೆ..."

ಚನ್ನಗಿರಿಯ ಹಾಲೇಶ. ನಮ್ಮ ಕಡೆ ಹಾಡುವವರಿಗೆಲ್ಲ ಗೊತ್ತಿದ್ದ ಹುಡುಗ.
ಹೊಟ್ಟೆಪಾಡಿಗೆ ಮದುವೆ ಫೋಟೋ.
ಉಳಿದ ದಿನವೆಲ್ಲ ಬೈಕ್ ಹತ್ತಿ ತಿರುಗಾಟ...
ಜಗಳೂರಿನ ಡೊಳ್ಳಿನವರು, ಸೂರಗೊಂಡನಕೊಪ್ಪದ ಹೆಂಗಸರ ಹಾಡು, ಹೊನ್ನಾಳಿಯಲ್ಲಿ ತತ್ವಪದ ಹಾಡುವ ನಮ್ಮಂಥವರು.
ಎಲ್ಲರನ್ನೂ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುತ್ತಿದ್ದ. ಎಡಿಟಿಂಗ್ ಅವನೇ, ಪೋಸ್ಟರ್ ಅವನೇ.

"ಫ್ರೀಲ್ಯಾನ್ಸ್ ಅಂದ್ರೆ ಏನೋ?" ಎಂದು ಒಮ್ಮೆ ಅವನ ವಿಸಿಟಿಂಗ್ ಕಾರ್ಡ್ ನೋಡಿ ಕೇಳಿದ್ದೆ.
"ಕರೆದಲ್ಲಿಗೆ ಹೋಗೋದು ಅಕ್ಕಾ... ಕರೀದಿದ್ರೂ ಹೋಗೋದು!"

ಗಾಳಿಯ ಸದ್ದು ಬಾರದಿರಲೆಂದು ಮೈಕಿಗೆ ಉಣ್ಣೆಯ ಕಾಲುಚೀಲ ತೊಡಿಸುತ್ತಿದ್ದ.
ಯಾರ ಮನೆಗೆ ಹೋದರೂ ಮೊದಲ ಮಾತು, "ಫ್ಯಾನ್ ಆಫ್ ಮಾಡ್ರಿ, ಸೌಂಡ್ ಬರ್ತೈತೆ."
ಅದೂ ಜಗಳೂರಿನ ಬಿಸಿಲಲ್ಲಿ!
ಅವನನ್ನು ಬೈದುಕೊಂಡೇ, ಬೆವರು ಒರೆಸಿಕೊಂಡೇ ಹಾಡುತ್ತಿದ್ದೆವು. ಅವನಿಗೆ 'ಫ್ಯಾನ್ ಆಫ್' ಎಂದೇ ಹೆಸರು ಬಿತ್ತು.
ಎರಡನೇ ಮಾತು, "ನಿಮ್ ಹೆಸ್ರು, ಊರು, ಕಲಿಸಿದೋರ ಹೆಸ್ರು ಹೇಳ್ರಿ."
ಕಲಿಸಿದವರ ಹೆಸರು ಹೇಳದೆ ಯಾರನ್ನೂ ಹಾಡಲು ಬಿಡುತ್ತಿರಲಿಲ್ಲ.

ನಮ್ಮ ಜಗಳವೂ ಒಂದು ವಿಡಿಯೋ ಸಲುವಾಗಿಯೇ...
ಜಗಳೂರಿನ ಹತ್ತಿರದ ಊರೊಂದರಲ್ಲಿ ತತ್ವಪದ ಹಾಡುತ್ತಾ ಮೂರನೇ ನುಡಿ, ಅಂದರೆ ಮೂರನೇ ಚರಣ, ಮರೆತು ನಿಂತೆ.
ಮೂಲೆಯಲ್ಲಿ ಕುಳಿತಿದ್ದ ಆ ಊರಿನ ಮುದುಕಿ ಗಂಗಜ್ಜಿ, "ಯಾಕ್ ನಿಂತ್ಯವ್ವಾ? ಹಿಂಗೈತೆ ನೋಡು" ಎಂದು ತಾನೇ ಹಾಡಿದಳು.
ನಾನು ಕಲಿತ ನುಡಿಯಲ್ಲ ಅದು. ಎಂದೂ ಕೇಳಿರದ ಬೇರೆಯದೇ ನುಡಿ.

ನೀನು ಅದನ್ನು ಕಟ್ ಮಾಡದೆ ಹಾಗೇ ಹಾಕಿಬಿಟ್ಟೆ, ಹಾಲೇಶ...
ನಾನು ಮರೆತು ಬಾಯಿ ಬಿಟ್ಟು ನಿಂತದ್ದನ್ನು ಊರೆಲ್ಲ ನೋಡಿತು.
ಡಿಲೀಟ್ ಮಾಡು ಎಂದು ಕೂಗಾಡಿದೆ.
"ಆ ನುಡಿ ಬೇರೆ ಯಾರ ಬಾಯಾಗೂ ಇಲ್ಲ ಅಕ್ಕಾ. ತೆಗಿಯಾಕೆ ಆಗಲ್ಲ" ಎಂದೆ ನೀನು.
"ಹಂಗಾದ್ರೆ ಇನ್ನ ಮಾತಾಡಬ್ಯಾಡ" ಎಂದು ಫೋನ್ ಇಟ್ಟೆ.

ಮೂರು ತಿಂಗಳಿಗೆ ಗಂಗಜ್ಜಿ ಹೋದಳು.
ನೀನು ಮಾಡಿದ್ದೇ ಸರಿ ಎಂದು ಅವತ್ತೇ ಗೊತ್ತಾಯಿತು ಕಣೋ...
ಆದರೂ ಫೋನ್ ಮಾಡಲಿಲ್ಲ. ಹಾಳು ಹಟ! ಅವನೇ ಮಾಡಲಿ ಅಂದುಕೊಂಡೆ.
ನಿನ್ನ ವಿಡಿಯೋ ಹಾಕಿಕೊಂಡು ಆ ನುಡಿಯನ್ನು ಕದ್ದು ಕಲಿತೆ. ಅದನ್ನೂ ನಿನಗೆ ಹೇಳಲಿಲ್ಲ.

ಇವತ್ತು ಮಧ್ಯಾಹ್ನ ನಿಮ್ಮ ಮನೆಗೆ ಬಂದೆ...
ನೀನು ರೆಕಾರ್ಡ್ ಮಾಡಿದವರೆಲ್ಲ ನಿನ್ನ ಮುಂದೆ ಕುಳಿತು ಭಜನೆ ಮಾಡುತ್ತಿದ್ದರು.
ತಲೆಯ ಮೇಲೆ ಫ್ಯಾನ್ ಗರಗರ ತಿರುಗುತ್ತಿತ್ತು.

ನನ್ನ ಸರದಿ ಬಂದಾಗ ಎದ್ದು ಹೋಗಿ ಸ್ವಿಚ್ ಆಫ್ ಮಾಡಿದೆ.
ನಿನ್ನ ತಮ್ಮ ಗೋಡೆಗೆ ಮುಖ ಮಾಡಿ ಅತ್ತ.
ನನ್ನ ಹೆಸರು ಹೇಳಿದೆ. ಊರು ಹೇಳಿದೆ.
ಕಲಿಸಿದವರು...
ಗಂಗಜ್ಜಿ ಎಂದೆ.
ಆಮೇಲೆ, ಹಾಲೇಶ ಎಂದೆ.
ಅದೇ ಪದ ಹಾಡಿದೆ. ಮೂರನೇ ನುಡಿಯಲ್ಲಿ ಎಲ್ಲೂ ನಿಲ್ಲಲಿಲ್ಲ ಕಣೋ.

ಹೋಗಿ ಬಾರೋ ತಮ್ಮಾ...
ಗದ್ದಲವಿಲ್ಲದ ಕಡೆ ನಿನ್ನ ಜೀವ ತಣ್ಣಗಿರಲಿ. 🙏