ಮೂರನೇ ಕಿಟಕಿ

ಶಿಗೆಜಿಯಣ್ಣ ಒಲೆ ಆರಿಸಿದರೂ ಅದರತ್ತ ಬೆರಳು ಚಾಚಿ, "ಗ್ಯಾಸ್ ಬಂದ್, ಸರಿ" ಎಂದು ಗಟ್ಟಿಯಾಗಿ ಹೇಳುತ್ತಿದ್ದ. ಬಾಗಿಲು ಹಾಕಿದರೆ "ಬಾಗಿಲು, ಸರಿ". ಮೂವತ್ತೆಂಟು ವರ್ಷ ಕುರೊಸೆ ಕಣಿವೆಯಲ್ಲಿ ರೈಲು ಓಡಿಸಿದವನು. ನಮ್ಮ ಕಡೆಯ ರೈಲಿನವರಿಗೆಲ್ಲ ಅದೇ ಶಿಸ್ತು. ಸಿಗ್ನಲ್ ಕಂಡರೆ ಬೆರಳು ತೋರಿಸಬೇಕು, ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು. ಉಳಿದವರು ಸಂಜೆ ಆ ಚಾಳಿಯನ್ನು ಸ್ಟೇಷನ್ನಿನಲ್ಲೇ ಬಿಟ್ಟು ಬರುತ್ತಿದ್ದರು. ಇವನು ಮನೆಗೂ ಹೊತ್ತು ತಂದ.

ನಾನು ಸ್ಟೇಷನ್ನಿನ ಎದುರು ಆರು ಕೋಣೆಗಳ ವಸತಿಗೃಹ ನಡೆಸುವವಳು. ನನ್ನ ಹೊಟ್ಟೆ ತುಂಬಿಸಿದವರು ಫೋಟೊದವರು. ಸೇತುವೆಯ ಎದುರಿನ ಬೆಟ್ಟದಲ್ಲಿ ಒಂದು ಚಾಚುಬಂಡೆ ಇದೆ. ಅಲ್ಲಿಂದ ನೋಡಿದರೆ ಕೆಳಗೆ ಹಸಿರು ನೀರು, ಕಬ್ಬಿಣದ ಕಮಾನು, ಅದರ ಮೇಲೆ ನಮ್ಮ ಕೆಂಪು ಬಣ್ಣದ ಹಳೇ ಡೀಸೆಲ್ ಗಾಡಿ. ಅದೊಂದು ಚಿತ್ರಕ್ಕಾಗಿ ಎಲ್ಲೆಲ್ಲಿಂದಲೋ ಜನ ಕ್ಯಾಮೆರಾದ ಮುಕ್ಕಾಲಿ ಹೊತ್ತು ಬರುತ್ತಾರೆ. ಒಂದು ಗಂಟೆಯ ಏರುದಾರಿ. ಅದರ ಮುಳ್ಳು ಕಡಿಯುವುದೂ ಹಿಮ ಕೆತ್ತಿ ಮೆಟ್ಟಿಲು ಮಾಡುವುದೂ ನಾನೇ.

ಶಿಗೆಜಿಯಣ್ಣನಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಒಮ್ಮೆ ಒಬ್ಬ ಹಳಿಯ ಪಕ್ಕಕ್ಕೇ ಬಂದು ನಿಂತಿದ್ದಕ್ಕೆ ಇವನು ಬ್ರೇಕ್ ಹಾಕಬೇಕಾಯಿತು. ಅಂದಿನಿಂದ ಬಂಡೆಯ ಮೇಲಿನವರೆಲ್ಲ ಇವನ ಬಾಯಲ್ಲಿ ಕಾಗೆಗಳಾದರು.

ಆ ಕಾಗೆಗಳಲ್ಲಿ ಒಬ್ಬಳು ಇವನ ಹೆಂಡತಿಯೇ. ಪ್ರತಿ ಮೇ ತಿಂಗಳು, ಮದುವೆಯಾದ ದಿನ, ಕಿಯೊನೊ ಅಕ್ಕ ಅನ್ನದ ಉಂಡೆ ಕಟ್ಟಿಕೊಂಡು ಬಂಡೆಗೆ ಹತ್ತುತ್ತಿದ್ದಳು. ಗಂಡನ ಗಾಡಿ ಸೇತುವೆಗೆ ಬಂದಾಗ ಬಿಳಿ ಟವೆಲ್ ಬೀಸುತ್ತಿದ್ದಳು. ರಾತ್ರಿ ಊಟಕ್ಕೆ ಕೂತಾಗ, "ಇವತ್ತಾದ್ರೂ ನೋಡಿದ್ರಾ?" ಎಂದು ಕೇಳುತ್ತಿದ್ದಳಂತೆ.

"ಸೇತುವೆ ಮೇಲೆ ಇಪ್ಪತ್ತೈದರ ವೇಗಮಿತಿ ಇದೆ. ಹಳಿ ಬಿಟ್ಟು ಆಕಾಶ ನೋಡ್ಕೊಂಡು ಗಾಡಿ ಹೊಡೀಲಾ?"

ಇದನ್ನು ಅವಳು ಊರಿಗೆಲ್ಲ ನಗುತ್ತಲೇ ಹೇಳುತ್ತಿದ್ದಳು. ಕೆಲವು ವರ್ಷ ನಾನು ಜೊತೆಗೆ ಹೋಗಿದ್ದೇನೆ. ಇಳಿಯುವಾಗ ಅವಳು ನಗುತ್ತಿರಲಿಲ್ಲ. ನನಗೆ ಆಗ ಅವನ ಮೇಲೆ ಉರಿದುಹೋಗುತ್ತಿತ್ತು.

ಮೂರು ವರ್ಷದ ಹಿಂದೆ ಮಾರ್ಚಿನಲ್ಲಿ ಹಳೇ ಗಾಡಿಯ ಕೊನೆಯ ಓಟಕ್ಕೆ ದಿನ ಗೊತ್ತಾಯಿತು. ಅಷ್ಟರಲ್ಲಿ ಅವನು ನಿವೃತ್ತನಾಗಿದ್ದ, ಅವಳ ಸೊಂಟಕ್ಕೆ ಆಪರೇಷನ್ ಆಗಿತ್ತು. ಒಂದು ಸಂಜೆ ಇಬ್ಬರೂ ನನ್ನ ಅಡುಗೆಮನೆಗೆ ಬಂದರು. ಮಾತು ಅವಳದೇ.

"ನಾನು ಗಾಡೀಲಿ ಕೂತ್ಕೋತೀನಿ. ಮುಂದಿನ ಡಬ್ಬಿ, ಬಂಡೆ ಕಡೆಯ ಮೂರನೇ ಕಿಟಕಿ. ಇವರು ಮೇಲೆ ಹೋಗಿ ಕೈ ಬೀಸ್ಲಿ. ಒಂದೇ ಒಂದ್ಸಲ. ಮಿತ್ಸುಯೆ, ನೀನು ಕರ್ಕೊಂಡು ಹೋಗ್ತೀಯ."

"ನನ್ನ ಮೊಣಕಾಲು..." ಎಂದ ಶಿಗೆಜಿಯಣ್ಣ.

"ನನ್ನ ಸೊಂಟ ಹೆಂಗಿದೆ ಅಂತ ನೀವು ಯಾವತ್ತಾದ್ರೂ ಕೇಳಿದ್ರಾ?"

ಗಾಡಿ ಸೇತುವೆಗೆ ಬರುವುದು ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ. ನಾವು ಎಂಟೂವರೆಗೇ ಹೊರಟೆವು. ದಾರಿಯಲ್ಲಿ ಮೊಣಕಾಲುದ್ದ ಹಿಮವಿತ್ತು. ಹಿಂದಿನ ದಿನ ನಾನು ಕೆತ್ತಿದ್ದ ಮೆಟ್ಟಿಲುಗಳು ಬೆಳಗಿನ ಚಳಿಗೆ ಗಾಜಿನಂತಾಗಿದ್ದವು. ತಿರುವು ತಿರುವಿಗೂ ಅವನು ಜೇಬಿನ ಗಡಿಯಾರ ತೆಗೆದು "ನಾಲ್ಕು ನಿಮಿಷ ತಡ", "ಒಂಬತ್ತು ನಿಮಿಷ ತಡ" ಎನ್ನುತ್ತಿದ್ದ. ಬಾಯಿ ಮುಚ್ಚಿಕೊಂಡು ಹತ್ತು ಮಾರಾಯ, ಎಂದು ನಾನೇ ಗದರಿದೆ.

ಸರಪಳಿ ಹಿಡಿದು ಏರುವ ಜಾಗ ಬಂದಾಗ ಅವನು ಹಿಮದ ಮೇಲೆ ಕೂತೇಬಿಟ್ಟ. ಮುಖ ಸುಣ್ಣವಾಗಿತ್ತು.

"ಆಗಲ್ಲ ಕಣೆ, ಮಿತ್ಸುಯೆ. ಅವಳಿಗೆ ಏನೋ ಒಂದು ಹೇಳಿದ್ರಾಯ್ತು."

ನಾನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟೆ. ಅವನು ಸರಪಳಿಯನ್ನೇ ನೋಡುತ್ತ ಕೇಳಿದ.

"ಅವಳು ಇದನ್ನ ಹತ್ತುತಿದ್ಲಾ?"

"ಇಪ್ಪತ್ತೇಳು ಸಲ ಹತ್ತಿದ್ದಾಳೆ."

"ಮಳೇಲೂ?"

"ಮಳೆ ಬಂದ ವರ್ಷ ಟವೆಲ್ ಜೊತೆ ಕೊಡೇನೂ ಬೀಸಿದ್ಲು. ನಿನ್ನ ಕಣ್ಣಿಗೆ ಬೀಳ್ಲಿ ಅಂತ."

ಅವನು ಚಹಾ ಕುಡಿದು ಮುಗಿಸಲಿಲ್ಲ. ಎದ್ದು, ಸರಪಳಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕಾಲೂರಿಕೊಂಡೇ ಏರತೊಡಗಿದ. ಆಮೇಲೆ ಗಡಿಯಾರ ಹೊರಗೆ ತೆಗೆಯಲೇ ಇಲ್ಲ.

ಬಂಡೆ ತಲುಪಿದಾಗ ಎಂಟು ನಿಮಿಷ ಉಳಿದಿತ್ತು. ಆದರೆ ಕಾಲಿಡಲು ಜಾಗವಿಲ್ಲ. ನಸುಕಿನಿಂದ ಕಾದಿದ್ದ ನಲವತ್ತು ಜನ, ನಲವತ್ತು ಮುಕ್ಕಾಲಿ. ತಡವಾಗಿ ಬಂದವರು ಹಿಂದೆ ನಿಲ್ಲಬೇಕು ಎಂಬುದು ಅಲ್ಲಿಯ ಕಟ್ಟಳೆ, ಹಿಂದೆ ನಿಂತರೆ ಸೇತುವೆ ಕಾಣುವುದಿಲ್ಲ. ಶಿಗೆಜಿಯಣ್ಣ ಟೋಪಿ ತೆಗೆದು ಆ ಕಾಗೆಗಳಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದ.

"ಮುಂದೆ ಒಂದು ಗೇಣು ಜಾಗ ಕೊಡ್ತೀರಾ? ನನ್ನ ಹೆಂಡತಿ ಆ ಗಾಡೀಲಿದ್ದಾಳೆ."

ನಮ್ಮಲ್ಲಿ ವರ್ಷವರ್ಷವೂ ಇಳಿದುಕೊಳ್ಳುವ ನಾಗೊಯಾದ ಮುರೊಯ್ ತಿರುಗಿ ನೋಡಿದ. "ಓಹೋ, ಹಳಿ ಪಕ್ಕ ನಿಂತಿದ್ದಕ್ಕೆ ಹಾರ್ನ್ ಹೊಡೆದು ನನ್ನನ್ನ ಬೈದ ಡ್ರೈವರ್ ಸಾಹೇಬ್ರು" ಎಂದ. ಎಂದವನೇ ತನ್ನ ಮುಕ್ಕಾಲಿ ಪಕ್ಕಕ್ಕೆ ಸರಿಸಿದ. "ಬನ್ನಿ. ಆದ್ರೆ ಗಾಡಿ ಬಂದಾಗ ಉಸಿರೆತ್ತಬಾರದು. ಎಲ್ಲರೂ ಅದರ ಸದ್ದು ರೆಕಾರ್ಡ್ ಮಾಡ್ಕೋತಿದ್ದಾರೆ. ಕೊನೇ ಸಲ."

"ಇಲ್ಲ, ಉಸಿರೆತ್ತಲ್ಲ."

ಸುರಂಗದ ಒಳಗಿಂದ ಸದ್ದು ಬಂತು. ಆಮೇಲೆ ಕೆಂಪು ಮೂತಿ. ಗಾಡಿ ಸೇತುವೆಗೆ ಬಂದು ನಿಧಾನವಾಯಿತು. ಮೂವತ್ತೆಂಟು ವರ್ಷ ತಾನೇ ಓಡಿಸಿದ ಗಾಡಿ ಸೇತುವೆ ದಾಟುವುದನ್ನು ಅವನು ಮೊದಲ ಸಲ ಹೊರಗಿನಿಂದ ನೋಡುತ್ತಿದ್ದ. ಕಿಟಕಿಯೊಂದರಲ್ಲಿ ಬಿಳಿ ಟವೆಲ್ ಆಡಿತು. ಕೈ ಬೀಸು, ಬೀಸೋ, ಎಂದು ನಾನು ಒಳಗೊಳಗೇ ಒದ್ದಾಡಿದೆ. ಅವನ ಬಲಗೈ ಮೇಲೆದ್ದಿತು. ಬೀಸಲಿಲ್ಲ. ತೋಳು ನೆಟ್ಟಗಾಯಿತು, ತೋರುಬೆರಳು ಚಾಚಿತು, ಇಡೀ ಕಣಿವೆಗೆ ಕೇಳುವಂತೆ ಕೂಗಿದ.

"ಮೂರನೇ ಕಿಟಕಿ, ಕಿಯೊನೊ. ಸರಿ."

ಗಾಡಿ ದಾಟಿಹೋಯಿತು. ನಲವತ್ತು ಜನವೂ ಇವನನ್ನೇ ನೋಡುತ್ತಿದ್ದರು. ತಾನು ಮಾಡಿದ್ದೇನು ಎಂದು ಆಗ ಹೊಳೆದು, ಅವನು ಹಿಮದ ಮೇಲೆ ಹಣೆ ತಾಗುವಷ್ಟು ಬಗ್ಗಿದ. "ತಪ್ಪಾಯ್ತು. ಬಾಯಿ ತಾನಾಗೇ ಕೂಗಿಬಿಡ್ತು."

ಮುರೊಯ್ ಕಿವಿಯಿಂದ ಹೆಡ್‌ಫೋನ್ ತೆಗೆದ. "ಇಷ್ಟು ವರ್ಷದಲ್ಲಿ ನನ್ನ ರೆಕಾರ್ಡಿಂಗ್ ಕೆಡಿಸಿದ್ದು ಕೋತಿಗಳು, ಒಂದು ಹೆಲಿಕಾಪ್ಟರ್, ಈಗ ನೀವು" ಎಂದ. ಅಷ್ಟೇ ಹೇಳಿದ್ದು.

ಮಧ್ಯಾಹ್ನದ ಗಾಡಿಗೆ ಕಿಯೊನೊ ಅಕ್ಕ ವಾಪಸು ಬಂದಳು. ನನ್ನ ಊಟದ ಮನೆಯಲ್ಲಿ ಎಲ್ಲರಿಗೂ ಬಿಸಿ ನೂಡಲ್ಸ್ ಬಡಿಸಿದೆ. ಅವಳು ಒಂದು ತುತ್ತು ತಿಂದು, ಗಂಡನತ್ತ ನೋಡದೆ ಮಾತಾಡಿದಳು.

"ನೋಡ್ದೆ ನಾನು. ಕೈ ಬೀಸಿ ಅಂದ್ರೆ ಸಿಗ್ನಲ್ ತೋರಿಸ್ತಾರೇನ್ರೀ? ಕೊನೇವರೆಗೂ ನಿಮಗೆ ಕಂಡಿದ್ದು ಸೇತುವೆನೇ."

ಗಾಡಿಯ ಸದ್ದಿನಲ್ಲಿ ಅವನ ಕೂಗು ಅವಳಿಗೆ ಕೇಳಿರಲಿಲ್ಲ. ಶಿಗೆಜಿಯಣ್ಣ ಬಟ್ಟಲಿಗೆ ಮುಖ ಹಾಕಿ ಕೂತ. ಈ ಮನುಷ್ಯನಿಗೆ ಹೇಳಬೇಕಾದಲ್ಲಿ ಬಾಯಿಯೇ ಬರುವುದಿಲ್ಲ. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುರೊಯ್ ತನ್ನ ರೆಕಾರ್ಡರನ್ನು ಅವಳ ಬಟ್ಟಲಿನ ಪಕ್ಕ ಇಟ್ಟು ಗುಂಡಿ ಒತ್ತಿದ. ಹೊಳೆಯ ಸದ್ದು, ಸುರಂಗದ ಸದ್ದು, ಸೇತುವೆಯ ಕಬ್ಬಿಣ ನಡುಗುವ ಸದ್ದು. ಅದರ ನಡುವೆ ಅವನ ದನಿ.

ಅವಳ ಕೈಯಲ್ಲಿದ್ದ ಊಟದ ಕಡ್ಡಿಗಳು ಹಾಗೇ ನಿಂತವು.

"ಇನ್ನೊಂದ್ಸಲ ಹಾಕಿ" ಎಂದಳು.

ಮುರೊಯ್ ಮತ್ತೆ ಹಾಕಿದ. ಎಂಜಿನ್ನಿನಲ್ಲಿ ಇಬ್ಬರಿದ್ದಾಗ ಒಬ್ಬ ಕೂಗಿದ್ದಕ್ಕೆ ಇನ್ನೊಬ್ಬ ತಿರುಗಿ ಕೂಗಬೇಕು. ಅದು ಗೊತ್ತಿಲ್ಲದವಳೇನಲ್ಲ ಅವಳು. ಕಡ್ಡಿಗಳನ್ನು ಕೆಳಗಿಟ್ಟು, ತೋಳು ನೆಟ್ಟಗೆ ಮಾಡಿ, ಮೇಜಿನಾಚೆ ಕೂತವನತ್ತ ಬೆರಳು ಚಾಚಿದಳು. "ರೀ" ಎಂದಲ್ಲದೆ ಗಂಡನನ್ನು ಅವಳು ಬೇರೆ ರೀತಿ ಕರೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಬಂಡೆ ಮೇಲೆ, ಶಿಗೆಜಿ. ಸರಿ."