ಠಾಣೆಯ ಬೆಂಚಿನ ಮೇಲೆ ಕೂತ ಶಾಟ್‌ಪುಟ್ ಚಾಂಪಿಯನ್

ಕಳೆದ ಭಾನುವಾರ ರಿಚರ್ಡ್ಸ್ ಟೌನಿನ ಮನೆಯೊಂದರಲ್ಲಿ ಒಬ್ಬರು ನಮ್ಮಮ್ಮನಿಗೆ ಎಡಗೈಯಲ್ಲಿ ಕಾಫಿ ಕೊಟ್ಟರು. ಅಮ್ಮ ಎರಡೂ ಕೈ ಚಾಚಿ ತೆಗೆದುಕೊಂಡಳು. ಬೇರೆ ಯಾರಾದರೂ ಹಾಗೆ ಕೊಟ್ಟಿದ್ದರೆ? (ನಮ್ಮಮ್ಮನನ್ನು ಬಲ್ಲ ಹಲಸೂರಿನವರಿಗೆ ಉತ್ತರ ಗೊತ್ತು.)

ಕೊಟ್ಟವರು ಸೆಲ್ವರಾಜ್. ವಿದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯೊಂದರಲ್ಲಿ ಅಧಿಕಾರಿ. ರಜೆಗೆಂದು ಅಕ್ಕನ ಮನೆಗೆ ಬಂದಿದ್ದಾರೆ. ಹುಟ್ಟಿದ್ದು ನಮ್ಮ ಹಲಸೂರಿನ ಪಕ್ಕದ ಮರ್ಫಿ ಟೌನಿನ ತಮಿಳು ಮನೆಯಲ್ಲಿ, ಓದಿದ್ದು ಕನ್ನಡ ಶಾಲೆಯಲ್ಲಿ. ಕಾಲೇಜಿನಲ್ಲಿ ಶಾಟ್‌ಪುಟ್ ಚಾಂಪಿಯನ್. ಇಂಡಿಯಾ ಟೀಮಿನ ಆಯ್ಕೆಗೆ ಹೋದ ದಿನ ಎರಡನೇ ಎಸೆತಕ್ಕೇ ಬಲಭುಜದ ಸ್ನಾಯು ಹರಿಯಿತು. ಆ ಕೈಯಲ್ಲಿ ಈಗಲೂ ಒಂದು ಲೋಟ ಹಿಡಿದು ಚಾಚಲು ಆಗುವುದಿಲ್ಲ. ಆರು ತಿಂಗಳು ಗೋಡೆ ನೋಡುತ್ತ ಕೂತಿದ್ದರಂತೆ. ಕೊನೆಗೆ ಅಕ್ಕ ಬೈದು ಪುಸ್ತಕ ತಂದುಕೊಟ್ಟರು. ಪರೀಕ್ಷೆ ಬರೆದರು, ಫಾರಿನ್ ಸರ್ವಿಸ್ ಸೇರಿದರು.

ಇವರಿಗೂ ನಮಗೂ ಏನು ಸಂಬಂಧ? ನನ್ನ ತಮ್ಮ ಸೀನು.

ಹೋದ ವರ್ಷ ಫ್ಯಾಕ್ಟರಿಯವರು ಅವನನ್ನು ಟ್ರೈನಿಂಗಿಗೆ ಒಂದು ದೇಶಕ್ಕೆ ಕಳಿಸಿದ್ದರು. (ಹೆಸರು ಬೇಡ. ನಮ್ಮವರು ಇನ್ನೂ ಕೆಲವರು ಅಲ್ಲಿದ್ದಾರೆ.) ಒಂದು ಸಂಜೆ ಬೀದಿಯಲ್ಲಿ ಗಲಾಟೆ. ಪೊಲೀಸರು ಕೈಗೆ ಸಿಕ್ಕವರನ್ನೆಲ್ಲ ಹಿಡಿದರು. ಬ್ರೆಡ್ ತರಲು ಹೋಗಿದ್ದ ಸೀನುವೂ ಸಿಕ್ಕಿಬಿದ್ದ. ಪಾಸ್‌ಪೋರ್ಟ್ ಹಾಸ್ಟೆಲಿನಲ್ಲಿತ್ತು. ಭಾಷೆ ಬರುತ್ತಿರಲಿಲ್ಲ. ಇಲ್ಲಿ ನಮಗೆ ಅವನ ಗೆಳೆಯರ ಟೆಲಿಗ್ರಾಂ ಬಂತು: ಸೀನು ಕಾಣಿಸುತ್ತಿಲ್ಲ. ಅಮ್ಮ ಊಟ ಬಿಟ್ಟಳು.

ಗೆಳೆಯರು ಅಲ್ಲಿನ ನಮ್ಮ ರಾಯಭಾರ ಕಚೇರಿಗೂ ಹೋಗಿ ಅವನ ಪಾಸ್‌ಪೋರ್ಟ್ ಕೊಟ್ಟಿದ್ದರು. ಮೂರನೇ ದಿನ ಬೆಳಿಗ್ಗೆ ಸೆಲ್ವರಾಜ್ ಅದನ್ನು ಹಿಡಿದು ಠಾಣೆ ಹುಡುಕಿಕೊಂಡು ಹೋದರು. ನಾಳೆ ಬನ್ನಿ ಎಂದ ಅಲ್ಲಿನ ಅಧಿಕಾರಿ. ಇವರು ವಾದ ಮಾಡಲಿಲ್ಲ. ಅವನ ಮೇಜಿನ ಎದುರಿನ ಬೆಂಚಿನ ಮೇಲೆ ಕೂತರು. ಆರಡಿ ಮೀರಿದ ಆಳು, ಬೆಂಚೇ ತುಂಬಿಹೋಯಿತು. ಅಧಿಕಾರಿ ಊಟ ಮುಗಿಸಿ ಬಂದ. ಇವರು ಅಲ್ಲೇ. ನಾಲ್ಕು ಗಂಟೆಗೆ ಗದರಿದ. ಇವರು ನಕ್ಕರು, ಏಳಲಿಲ್ಲ. ಕತ್ತಲಾಗುವ ಮೊದಲು ಪೊಲೀಸರು ಲಾಕಪ್ಪಿನ ಬೀಗ ತೆಗೆದರು.

ಹೊರಗೆ ಬಂದ ಸೀನುವನ್ನು ಅವರು ಕೇಳಿದ್ದು ಒಂದೇ ಮಾತು: "ಏನಾದ್ರೂ ತಿಂದ್ಯೇನಪ್ಪಾ?" ಮೂರು ದಿನ ಅಳದವನು ಆಗ ಅತ್ತುಬಿಟ್ಟನಂತೆ. ಊರಿಗೆ ಬಂದ ಮೇಲೆ ಅವನೇ ಹೇಳಿದ್ದು.

"ಅಷ್ಟು ಹೊತ್ತು ಹೇಗ್ ಕೂತಿದ್ರಿ ಸಾರ್?" ಎಂದು ಭಾನುವಾರ ಕೇಳಿಯೇಬಿಟ್ಟೆ.

"ಹೆದರ್ಕೊಂಡೇ ಕೂತಿದ್ದೆ ರೀ. ನನ್ನನ್ನೂ ಒಳಗೆ ಹಾಕಿದ್ರೆ? ಆದ್ರೆ ಎದ್ದು ಹೋದ್ರೆ ನಾಳೆ ಸೀನು ಅಲ್ಲೇ ಇರ್ತಾನೋ ಇಲ್ವೋ ಅನ್ನೋದು ಇನ್ನೂ ದೊಡ್ಡ ಭಯ."

ಅಮ್ಮ ಕೋಡುಬಳೆ ಡಬ್ಬಿಯನ್ನು ಅವರ ಮುಂದಿಟ್ಟಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದವಳು. "ನಿಮ್ಮಿಂದ ನನ್ ಮಗ..." ಎಂದಳು. ಡಬ್ಬಿಯ ಮುಚ್ಚಳ ತೆಗೆದು ಅವರತ್ತ ಇನ್ನಷ್ಟು ಸರಿಸಿದಳು.

"ಅಯ್ಯೋ ಬಿಡಿಮ್ಮಾ. ನಮ್ಮೂರ ಮಾತು ಕೇಳಿ ಎರಡು ವರ್ಷ ಆಗಿತ್ತು ನಂಗೆ. ಅವತ್ತು ಊಟಕ್ಕೆ ಮನೆಗೆ ಕರ್ಕೊಂಡು ಹೋದೆ. ಹಲಸೂರು ಕೆರೆ, ಮಾರ್ಕೆಟ್ಟು, ಎಲ್ಲಾ ಹೇಳ್ತಾನೇ ಇದ್ದ ನಿಮ್ ಮಗ. ನಾನೇ ಅವನಿಗೆ ಥ್ಯಾಂಕ್ಸ್ ಹೇಳ್ಬೇಕು."

ಇಂಥವರಿಗೆ ಥ್ಯಾಂಕ್ಸ್ ಹೇಳಿ ಮುಗಿಸುವುದು ಹೇಗೆ, ನೀವೇ ಹೇಳಿ?